ಮೀಟರ್ ‘ಸರಿ’ ಎಂದರೂ ಚಳಿಗೆ ಏಳದ ಡೀಸೆಲ್: ಗ್ಲೋ ಪ್ಲಗ್ ಪ್ರಕರಣವೊಂದರ ಅಧ್ಯಯನ

ಗಾಡಿ ಮತ್ತು ದೂರು

2 ಲೀಟರಿನ, 4 ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಎಂಜಿನ್ ಇರುವ ಸರಕು ವ್ಯಾನ್ ಅದು. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸಾಕಾಗುತ್ತದೆ, ಕೊನೆಗೆ ಸ್ಟಾರ್ಟ್ ಆದರೂ ಗಾಡಿ ಪೂರ್ತಿ ನಡುಗುತ್ತದೆ, ಹಿಂದೆ ಬಿಳಿ ಹೊಗೆ ಬರುತ್ತದೆ ಎಂಬುದು ಮಾಲೀಕರ ದೂರು. ಒಮ್ಮೆ ಬಿಸಿಯಾದರೆ ಇಡೀ ದಿನ ತಕರಾರಿಲ್ಲ. “ಮೊನ್ನೆ ಮೊನ್ನೆವರೆಗೂ ಚೆನ್ನಾಗಿತ್ತು ಸಾರ್, ಚಳಿ ಬಿದ್ದಿದ್ದೇ ತಡ, ಒಂದೇ ಸಲಕ್ಕೆ ಕೆಟ್ಟುಹೋಯ್ತು” ಎಂದರು.

ನಮ್ಮ ಹತ್ತಿರ ಬರುವ ಮೊದಲೇ ಬ್ಯಾಟರಿ ಹೊಸದು ಬಂದಿತ್ತು. ಡೀಸೆಲ್ ಫಿಲ್ಟರ್ ಬದಲಾಗಿತ್ತು. ಗ್ಲೋ ಪ್ಲಗ್‌ಗಳನ್ನು, ಅಂದರೆ ತಣ್ಣಗಿನ ಎಂಜಿನ್ ಏಳಲೆಂದು ಸಿಲಿಂಡರ್ ಒಳಗೆ ಕರೆಂಟಿಗೆ ಕಾಯುವ ಕಡ್ಡಿಗಳನ್ನು, ಮೀಟರ್ ಇಟ್ಟು ನೋಡಿ ‘ಸರಿ ಇವೆ’ ಎಂದೂ ಹೇಳಿಯಾಗಿತ್ತು. ಇನ್ನು ಹೈ ಪ್ರೆಶರ್ ಪಂಪ್ ಬದಲಾಯಿಸಿ ನೋಡೋಣ ಎಂಬ ಸಲಹೆ ಸಿಕ್ಕಾಗ ಮಾಲೀಕರಿಗೆ ಗಾಬರಿಯಾಗಿ ಇನ್ನೊಬ್ಬರ ಅಭಿಪ್ರಾಯ ಕೇಳಲು ಬಂದಿದ್ದರು.

ಗ್ಲೋ ಪ್ಲಗ್ ವಿಷಯದಲ್ಲಿ ‘ಒಂದೇ ಸಲಕ್ಕೆ ಕೆಟ್ಟಿತು’ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಅದಕ್ಕೆ ಸುಮಾರು 210ರಿಂದ 250 ಡಿಗ್ರಿ ಸೆಲ್ಸಿಯಸ್ ಬೇಕು. ಎಂಜಿನ್ ಬಿಸಿಯಿದ್ದಾಗ ಇದೊಂದು ವಿಷಯವೇ ಅಲ್ಲ. ತಣ್ಣಗಿದ್ದಾಗ ಪಿಸ್ಟನ್, ಹೆಡ್, ಸಿಲಿಂಡರ್ ಗೋಡೆ ಎಲ್ಲವೂ ಆ ಬಿಸಿಯನ್ನು ಹೀರಿಕೊಳ್ಳುತ್ತವೆ. ಸೆಲ್ಫ್ ತಿರುಗಿಸುವ ವೇಗವೂ ಕಡಿಮೆ, ಹಾಗಾಗಿ ಹೀರಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಆ ಕೊರತೆ ತುಂಬಲೆಂದೇ ಗ್ಲೋ ಪ್ಲಗ್, ಅಂದರೆ ಬಹಳ ಮಂದಿ ಹೀಟರ್ ಪ್ಲಗ್ ಎನ್ನುವ ಆ ಬೆರಳುದ್ದದ ಕಡ್ಡಿ ಇರುವುದು.

ಡೀಸೆಲನ್ನು ಮೊದಲು ಪಕ್ಕದ ಸಣ್ಣ ಕೋಣೆಗೆ ಚಿಮ್ಮುವ ಹಳೆಯ ಪ್ರಿ-ಚೇಂಬರ್ ಎಂಜಿನ್‌ಗಳಲ್ಲಿ ಒಂದೆರಡು ಪ್ಲಗ್ ಹೋದರೆ ತಕ್ಷಣ ಗೊತ್ತಾಗುತ್ತಿತ್ತು. ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮುವ ಈಗಿನ ಎಂಜಿನ್‌ಗಳು ಸೆಕೆಗಾಲದಲ್ಲಿ ಪ್ಲಗ್ ಸಹಾಯ ಇಲ್ಲದೆಯೂ ಸ್ಟಾರ್ಟ್ ಆಗುತ್ತವೆ. ಒಂದು ಪ್ಲಗ್ ಸತ್ತಿರುತ್ತದೆ, ಕೆಲವು ತಿಂಗಳಾದ ಮೇಲೆ ಇನ್ನೊಂದು ಹೋಗಿರುತ್ತದೆ, ಯಾರಿಗೂ ಸುಳಿವಿಲ್ಲ. ಮೊದಲ ಚಳಿ ಬಂದ ದಿನ ಹಳೆಯ ಬಾಕಿ ಎಲ್ಲ ಒಟ್ಟಿಗೆ ವಸೂಲಾಗುತ್ತದೆ.

ಬೆಳಗಿನ ಹೊಗೆ ಹೇಳಿದ್ದು

ಗಾಡಿಯನ್ನು ರಾತ್ರಿ ನಮ್ಮಲ್ಲೇ ನಿಲ್ಲಿಸಿಕೊಂಡೆವು. ತಣ್ಣಗಿನ ಸ್ಟಾರ್ಟಿಂಗ್ ದೂರನ್ನು ಬಿಸಿ ಎಂಜಿನ್ ಮೇಲೆ ಹುಡುಕುವುದು ಸುಮ್ನೆ ಟೈಮ್ ವೇಸ್ಟ್. ಓಡಿಸಿಕೊಂಡು ಬಂದ ಗಾಡಿ ಆ ಹೊತ್ತಿಗೆ ಏನನ್ನೂ ತೋರಿಸುವುದಿಲ್ಲ.

ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಸ್ಕ್ಯಾನರ್ ಹಾಕಿದೆವು. ಎರರ್ ಕೋಡ್ ಒಂದೂ ಇರಲಿಲ್ಲ. ಇದರಿಂದ ಮೋಸ ಹೋಗಬಾರದು. ಈ ಎಂಜಿನ್‌ನಲ್ಲಿ ನಾಲ್ಕೂ ಪ್ಲಗ್‌ಗಳಿಗೆ ಒಂದೇ ರಿಲೇ, ಅಂದರೆ ಸಿಗ್ನಲ್ ಬಂದಾಗ ತೆರೆದು ಮುಚ್ಚುವ ಸ್ವಿಚ್, ಕರೆಂಟ್ ಕೊಡುತ್ತದೆ. ರಿಲೇ ಕಡೆಗೆ ಹೋಗುವ ಸಿಗ್ನಲ್ ಸರಿಯಿದ್ದರೆ ಎಂಜಿನ್ ಕಂಪ್ಯೂಟರ್‌ಗೆ ಅಷ್ಟೇ ಸಾಕು. ಅದರಾಚೆ ಎಷ್ಟು ಪ್ಲಗ್ ಬದುಕಿವೆ ಎಂದು ಅದು ನೋಡುವುದೇ ಇಲ್ಲ. ಪ್ರತಿ ಪ್ಲಗ್‌ಗೂ ಬೇರೆ ಬೇರೆ ವೈರ್ ಕೊಡುವ ಕಂಟ್ರೋಲ್ ಮಾಡ್ಯೂಲ್ ಇರುವ ಗಾಡಿಗಳಲ್ಲಿ ಮಾತ್ರ ಪಿ0671ರಿಂದ ಪಿ0674ರವರೆಗಿನ ಕೋಡ್‌ಗಳು ಬಂದು ಇಂತಿಷ್ಟನೇ ಸಿಲಿಂಡರ್ ಎಂದು ನೇರವಾಗಿ ಹೇಳುತ್ತವೆ. ಡ್ಯಾಶ್‌ಬೋರ್ಡಿನ ಸುರುಳಿ ಗುರುತಿನ ದೀಪಕ್ಕೂ ಇದೇ ಮಾತು. ಅದು ಎಂಜಿನ್ ತಾಪಮಾನ ನೋಡಿ ಲೆಕ್ಕ ಹಾಕಿದ ಹೊತ್ತು ಉರಿದು ಆರುತ್ತದೆ ಅಷ್ಟೇ. ನಾಲ್ಕೂ ಪ್ಲಗ್ ಸತ್ತಿದ್ದರೂ ಇಂಥ ಗಾಡಿಯಲ್ಲಿ ಅದು ಚೆಂದವಾಗಿಯೇ ಉರಿದು ಆರುತ್ತದೆ.

ಸ್ಕ್ಯಾನರಿನಲ್ಲಿ ನಮಗೆ ಬೇಕಿದ್ದದ್ದು ಕೋಡ್ ಅಲ್ಲ, ಓಡುವ ಅಂಕಿಗಳು. ಮೊದಲಿಗೆ ಕೂಲೆಂಟ್ ತಾಪಮಾನ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಹೊರಗಿನ ಗಾಳಿಯ ತಾಪಮಾನಕ್ಕೆ ಹತ್ತಿರ ಇರಬೇಕು. ಇಲ್ಲಿ ಇತ್ತು. ಆ ಸೆನ್ಸರ್ ಕೆಟ್ಟು ‘ಎಂಜಿನ್ ಬಿಸಿಯಿದೆ’ ಎಂದು ಸುಳ್ಳು ಹೇಳಿದರೆ ಕಂಪ್ಯೂಟರ್ ಪ್ಲಗ್‌ಗಳಿಗೆ ಕರೆಂಟನ್ನೇ ಬಿಡುವುದಿಲ್ಲ. ಆಗ ನಾಲ್ಕು ಹೊಸ ಪ್ಲಗ್ ಹಾಕಿದರೂ ಗಾಡಿ ಹಾಗೇ ಇರುತ್ತದೆ.

ಆಮೇಲೆ ಸೆಲ್ಫ್ ಹೊಡೆದೆವು. ಎಂಜಿನ್ ನಿಮಿಷಕ್ಕೆ 220 ಸುತ್ತಿನ ಆಸುಪಾಸು ತಿರುಗುತ್ತಿತ್ತು, ಬ್ಯಾಟರಿ 10.4 ವೋಲ್ಟ್‌ಗಿಂತ ಕೆಳಗೆ ಇಳಿಯಲಿಲ್ಲ. ಎರಡೂ ಸರಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಹೋದರೆ ಮೊದಲು ಅದನ್ನೇ ಸರಿಮಾಡಬೇಕು. ರೈಲ್ ಪ್ರೆಶರ್, ಅಂದರೆ ಹೈ ಪ್ರೆಶರ್ ಪಂಪ್ ತುಂಬಿಸಿ ಸಿಲಿಂಡರುಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ, ಕೂಡ ತಡಮಾಡದೆ 300 ಬಾರ್ ಮುಟ್ಟಿತು, ಸ್ಟಾರ್ಟ್ ಆಗಲು ಈ ಎಂಜಿನ್‌ಗೆ ಅಷ್ಟು ಧಾರಾಳ. ಪಂಪ್ ಬದಲಾಯಿಸುವ ಮಾತು ಅಲ್ಲಿಗೇ ಬಿತ್ತು.

ಪಂಪ್‌ನದ್ದು ತಪ್ಪಲ್ಲ ಎಂದು ಹೊಗೆಯೂ ಹೇಳುತ್ತಿತ್ತು. ಬಹಳ ಹೊತ್ತು ತಿರುಗಿದ ಮೇಲೆ ಒಂದು ಸಿಲಿಂಡರ್ ಹಿಡಿದುಕೊಂಡಿತು, ಎಂಜಿನ್ ಕುಂಟುತ್ತಾ ಎದ್ದಿತು. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬಂತು. ಹತ್ತಿರ ಹೋದರೆ ಕಣ್ಣು ಚುರುಗುಟ್ಟುತ್ತದೆ, ಮೂಗಿಗೆ ಹಸಿ ಡೀಸೆಲ್ ವಾಸನೆ. ಅಂದರೆ ಡೀಸೆಲ್ ಸಿಲಿಂಡರಿಗೆ ತಲುಪಿದೆ, ಆವಿಯಾಗಿದೆ, ಆದರೆ ಹೊತ್ತಿಕೊಂಡಿಲ್ಲ. ಡೀಸೆಲ್ಲೇ ತಲುಪದಿದ್ದರೆ ಸೆಲ್ಫ್ ಎಷ್ಟು ಹೊಡೆದರೂ ಹೊಗೆಯೇ ಬರುವುದಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸುಟ್ಟರೂ ಬಿಳಿ ಹೊಗೆಯೇ, ಆದರೆ ಅದಕ್ಕೆ ಸಿಹಿ ವಾಸನೆ ಇರುತ್ತದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ಇದು ಒಂದೆರಡು ನಿಮಿಷದಲ್ಲಿ ತಿಳಿಯಾಯಿತು, ನಡುಕವೂ ನಿಂತಿತು.

ಇಲ್ಲೊಂದು ಎಚ್ಚರಿಕೆ. ಚಳಿಗೆ ಏಳದ ಗಾಡಿಗೆ ಗಾಳಿ ಫಿಲ್ಟರ್ ಕಡೆಯಿಂದ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿರುವುದು ಈಥರ್. ಕೆಂಪಗೆ ಕಾದ ಪ್ಲಗ್ ಇರುವ ಎಂಜಿನ್‌ಗೆ ಅದು ಹೋದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಫೋಟ ಆಗುತ್ತದೆ. ಪಿಸ್ಟನ್ ಒಡೆಯಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು, ಇನ್‌ಟೇಕ್ ಕಡೆಗೆ ಬೆಂಕಿ ವಾಪಸ್ ಬರಬಹುದು. ಮಾಲೀಕರಿಗೂ ಯಾರೋ ಈ ಸಲಹೆ ಕೊಟ್ಟಿದ್ದರಂತೆ. ಅವರು ಕೇಳಲಿಲ್ಲ, ಪುಣ್ಯ.

ಓಮ್ ನೋಡಿದರೆ ಸಾಲದು, ಆಂಪಿಯರ್ ನೋಡಬೇಕು

ಹಾಗಾದರೆ ‘ಪ್ಲಗ್ ಸರಿ ಇವೆ’ ಎಂದು ಮೊದಲು ನೋಡಿದವರ ಮೀಟರ್ ಹೇಗೆ ಹೇಳಿತು? ನಾಲ್ಕೂ ಪ್ಲಗ್‌ಗಳ ತಲೆಯನ್ನು ಒಂದು ಲೋಹದ ಪಟ್ಟಿ ಜೋಡಿಸುತ್ತದೆ. ಆ ಪಟ್ಟಿ ಬಿಚ್ಚದೆ ಯಾವ ಪ್ಲಗ್ ಮೇಲೆ ಮೀಟರ್ ಕಡ್ಡಿ ಇಟ್ಟರೂ ನಾಲ್ಕೂ ಸೇರಿದ ಲೆಕ್ಕವೇ ಬರುತ್ತದೆ. ಇವು ಮನೆಯ ಬಲ್ಬ್‌ಗಳ ಹಾಗೆ, ಒಂದು ಹೋದರೆ ಉಳಿದವು ಉರಿಯುತ್ತಲೇ ಇರುತ್ತವೆ. ಒಂದೇ ಒಂದು ಪ್ಲಗ್ ಬದುಕಿದ್ದರೂ ಮೀಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸಿ, ನಾಲ್ಕು ಕಡೆ ಇಟ್ಟರೆ ನಾಲ್ಕು ಕಡೆಯೂ ‘ಸರಿ’ ಎನ್ನುತ್ತದೆ. ನಾವೂ ಪಟ್ಟಿ ಇದ್ದ ಹಾಗೇ ಒಮ್ಮೆ ಇಟ್ಟು ನೋಡಿದೆವು. 0.5 ಓಮ್ ಬಂತು.

ಪಟ್ಟಿ ಬಿಚ್ಚುವ ಮೊದಲು ಇನ್ನೊಂದು ಕೆಲಸ ಇತ್ತು. ರಿಲೇಯಿಂದ ಪಟ್ಟಿಗೆ ಬರುವ ದಪ್ಪ ವೈರಿಗೆ, ಸುತ್ತ ಹಿಡಿದೇ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತೊಡಿಸಿದೆವು. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪೇ ಬೇಕು, ಎಸಿ ಮಾತ್ರ ಅಳೆಯುವುದು ಇಲ್ಲಿ ಸೊನ್ನೆ ತೋರಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲು ಮತ್ತೆ ಬಿಟ್ಟು, ಕೀ ಆನ್ ಮಾಡಿದೆವು.

ಓದುವ ಮುಂಚೆ ಪ್ಲಗ್ ಒಳಗಿನ ಕಥೆ ಸ್ವಲ್ಪ ತಿಳಿದಿರಬೇಕು. ಲೋಹದ ಗ್ಲೋ ಪ್ಲಗ್‌ನ ತೆಳು ಕೊಳವೆಯೊಳಗೆ ಎರಡು ಸುರುಳಿಗಳು ಒಂದರ ಹಿಂದೆ ಒಂದು ಇರುತ್ತವೆ. ತುದಿಯಲ್ಲಿರುವುದು ಕಾಯುವ ಸುರುಳಿ. ಹಿಂದಿನದು ಹಿಡಿತದ ಸುರುಳಿ, ಅದು ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಹಾಗಾಗಿ ಕರೆಂಟ್ ತಾನಾಗಿಯೇ ಇಳಿಯುತ್ತದೆ. ಸುತ್ತಲೂ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಟ್ಟಿಯಾಗಿ ತುಂಬಿರುತ್ತದೆ. ಕಾಯುವ ಸುರುಳಿಯ ಕೊನೆ ಕೊಳವೆಯ ತುದಿಗೇ ಬೆಸೆದುಕೊಂಡಿರುತ್ತದೆ, ಅರ್ಥ್ ಸಿಗುವುದು ಅಲ್ಲಿಂದ. ಈ ಎಂಜಿನ್‌ನಂಥ 11 ವೋಲ್ಟ್ ಪ್ಲಗ್ ತಣ್ಣಗಿದ್ದಾಗ 0.6 ಓಮ್ ಇದ್ದರೆ ಶುರುವಿಗೆ 19 ಆಂಪಿಯರ್ ಹತ್ತಿರ ಎಳೆಯುತ್ತದೆ. ಆಮೇಲೆ ಹಂತ ಹಂತವಾಗಿ ಅಲ್ಲ, ಜಾರಿದ ಹಾಗೆ ನಯವಾಗಿ ಹತ್ತು ಆಂಪಿಯರ್ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ನಾಲ್ಕೂ ಸೇರಿ ಶುರುವಿಗೆ ಎಪ್ಪತ್ತು ದಾಟಬೇಕು, ಕೊನೆಗೆ ನಲವತ್ತರ ಸುತ್ತ ನಿಲ್ಲಬೇಕು.

ನಮ್ಮ ಕ್ಲ್ಯಾಂಪ್ 38ರಲ್ಲಿ ಶುರುವಾಯಿತು. ಎಪ್ಪತ್ತಕ್ಕೆ 38, ಅಂದರೆ ಎರಡು ಪ್ಲಗ್ ಇಲ್ಲವೇ ಇಲ್ಲ. ಅಂಕಿ 36, 33, 30 ಎಂದು ನಯವಾಗಿ ಇಳಿಯುತ್ತಿತ್ತು. ಡ್ಯಾಶ್‌ಬೋರ್ಡಿನ ದೀಪ ಆರಿತು. ಅದಾದ ಒಂದು ಕ್ಷಣಕ್ಕೆ ಅಂಕಿ 28ರಿಂದ ಸೀದಾ 14ಕ್ಕೆ ಬಿತ್ತು. ಮಧ್ಯದಲ್ಲಿ ಒಂದು ಅಂಕಿಯೂ ಇಲ್ಲ.

ಈ ಪ್ರಕರಣದ ತಿರುಳು ಆ ಬೀಳುವಿಕೆಯಲ್ಲೇ ಇದೆ. ತಣ್ಣಗಿದ್ದಾಗ ಸರಿಯಾಗಿ ಕರೆಂಟ್ ಹಿಡಿದ ಪ್ಲಗ್ ಒಂದು, ಕಾದ ಕೂಡಲೇ ಕೈ ಬಿಟ್ಟಿತು. ಒಳಗೆ ಎಲ್ಲೋ ಬಿರುಕಿದೆ, ಲೋಹ ಬಿಸಿಗೆ ಹಿಗ್ಗಿದಾಗ ಬಿರುಕು ಬಾಯಿ ತೆರೆಯುತ್ತದೆ, ತಣ್ಣಗಾದಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಓಮ್ ಮೀಟರ್ ಇದನ್ನು ಯಾವತ್ತೂ ಹಿಡಿಯುವುದಿಲ್ಲ, ಯಾಕೆಂದರೆ ಓಮ್ ನೋಡುವುದೇ ಪ್ಲಗ್ ತಣ್ಣಗಿದ್ದಾಗ. ಕ್ಲ್ಯಾಂಪ್ ಹಾಕಿದವರೂ ದೀಪ ಆರಿದ ಕೂಡಲೇ ಕಣ್ಣು ತೆಗೆದರೆ ತಪ್ಪಿಸಿಕೊಳ್ಳುತ್ತಾರೆ. ದೀಪ ಆರಿದ ಮೇಲೂ ರಿಲೇ ಕರೆಂಟ್ ಕೊಡುತ್ತಲೇ ಇರುತ್ತದೆ, ಸೆಲ್ಫ್ ಹೊಡೆಯುವಾಗಲೂ, ಸ್ಟಾರ್ಟ್ ಆದ ಮೇಲೆ ಕೆಲವು ಹೊತ್ತೂ. ಪ್ಲಗ್ ನಿಜವಾಗಿ ಬೇಕಾಗುವುದು ಆಗಲೇ.

ಆಮೇಲೆ ಪಟ್ಟಿ ಬಿಚ್ಚಿ ಒಂದೊಂದನ್ನೇ ಅಳೆದೆವು. ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದಾಗ 0.2 ಓಮ್ ಬರುತ್ತಿತ್ತು, ಅದನ್ನು ಕಳೆದು ಲೆಕ್ಕ ಹಾಕಿದ್ದು. ಅರ್ಧ ಓಮ್ ಅಳೆಯುವ ಕಡೆ ಈ 0.2 ಮರೆತರೆ ಲೆಕ್ಕವೇ ಕೆಡುತ್ತದೆ. ಒಂದನೆಯದು 0.6. ಎರಡನೆಯದು ಓಪನ್, ಅಂದರೆ ಒಳಗಿನ ಸುರುಳಿ ತುಂಡು. ಮೂರನೆಯದು 0.6. ನಾಲ್ಕನೆಯದು ಓಪನ್. ಬರೀ ಮೀಟರ್ ನಂಬಿದ್ದರೆ ಒಂದು ಮತ್ತು ಮೂರನ್ನು ಒಳ್ಳೆಯವು ಎಂದು ಬಿಟ್ಟು, ಎರಡು ಮತ್ತು ನಾಲ್ಕನ್ನಷ್ಟೇ ಬದಲಾಯಿಸಿ ಕಳಿಸಬಹುದಿತ್ತು. ಒಂದೊಂದಕ್ಕೇ ಕರೆಂಟ್ ಕೊಟ್ಟು ನೋಡಿದಾಗ ಕಾದ ಮೇಲೆ ಕೈ ಕೊಟ್ಟದ್ದು ಮೂರನೆಯದೇ ಎಂದು ಖಾತ್ರಿಯಾಯಿತು.

ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಈ ಪರೀಕ್ಷೆ ಎಲ್ಲ ಪ್ಲಗ್‌ಗೂ ಸಲ್ಲುವುದಿಲ್ಲ. ಹೊಸ ಎಂಜಿನ್‌ಗಳಲ್ಲಿ 4.4, 5, 7 ವೋಲ್ಟ್‌ನ ಪ್ಲಗ್‌ಗಳೂ ಇವೆ. ಅವುಗಳಿಗೆ ಮಾಡ್ಯೂಲ್ ಮೊದಲ ಒಂದೆರಡು ಸೆಕೆಂಡ್ ಮಾತ್ರ ಜಾಸ್ತಿ ವೋಲ್ಟೇಜ್ ಕೊಟ್ಟು, ಆಮೇಲೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತಾ ತಗ್ಗಿಸುತ್ತದೆ. ಅಂಥದ್ದಕ್ಕೆ 12 ವೋಲ್ಟ್ ಬ್ಯಾಟರಿ ಮುಟ್ಟಿಸಿ ಹಿಡಿದರೆ ಒಳ್ಳೆಯ ಪ್ಲಗ್ಗೇ ಕಣ್ಣೆದುರು ಸುಟ್ಟುಹೋಗುತ್ತದೆ.

ಬಿಚ್ಚುವುದು

ಪ್ಲಗ್ ಪತ್ತೆ ಮಾಡುವುದಕ್ಕಿಂತ ಬಿಚ್ಚುವಾಗ ಬೆವರು ಜಾಸ್ತಿ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ವರ್ಷಗಟ್ಟಲೆ ಬಿಸಿ ತಣ್ಣಗೆ ಆಗುತ್ತಾ ಥ್ರೆಡ್ ಹಿಡಿದುಕೊಂಡಿರುತ್ತದೆ, ಕೆಳಗೆ ಕೊಳವೆಯ ಸುತ್ತ ಕಾರ್ಬನ್ ಕಟ್ಟಿಕೊಂಡಿರುತ್ತದೆ. ಪ್ಲಗ್ ಒಳಗಡೆ ಟೊಳ್ಳು, ಜೋರು ಮಾಡಿದರೆ ತುಂಡಾಗುತ್ತದೆ. ತುಂಡಾದದ್ದನ್ನು ತೆಗೆಯಲು ಕೊರೆಯುವ ವಿಶೇಷ ಕಿಟ್ ಬೇಕು. ಅದೂ ಆಗದಿದ್ದರೆ ಹೆಡ್ ಇಳಿಸುವುದೇ.

ಹಾಗಾಗಿ ಬಿಚ್ಚುವಾಗಲೂ ಟಾರ್ಕ್ ರೆಂಚ್, ಅಂದರೆ ಕಟ್ಟಿಟ್ಟಷ್ಟು ತಿರುಚುವ ಬಲ ಬಂದಾಗ ಕ್ಲಿಕ್ ಎನ್ನುವ ರೆಂಚ್, ಬಳಸುವುದು ನಮ್ಮ ಪದ್ಧತಿ. ಪ್ಲಗ್ ತಯಾರಕರು ತುಂಡಾಗುವ ಮಿತಿಯನ್ನು ಪ್ರಕಟಿಸುತ್ತಾರೆ. 8 ಮಿಲಿಮೀಟರ್ ಥ್ರೆಡ್‌ಗೆ 20 ನ್ಯೂಟನ್ ಮೀಟರ್, 10 ಮಿಲಿಮೀಟರ್ ಥ್ರೆಡ್‌ಗೆ 35 ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ. ಇಲ್ಲಿದ್ದದ್ದು 10ರದ್ದು. ರೆಂಚನ್ನು 30ಕ್ಕೆ ಕಟ್ಟಿ, ಅಲ್ಲಿ ಕ್ಲಿಕ್ ಎಂದರೆ ನಿಲ್ಲಿಸುವುದು ಎಂದು ತೀರ್ಮಾನಿಸಿದೆವು. 20 ನ್ಯೂಟನ್ ಮೀಟರ್ ಎಂದರೆ ಎಷ್ಟು ಕಡಿಮೆ ಎಂದು ಗೊತ್ತಿರಲಿ, ಉದ್ದ ಹಿಡಿಯ ರ್‍ಯಾಚೆಟ್ ಹಾಕಿದರೆ ಮಣಿಕಟ್ಟಿನ ಬಲವೇ ಅದನ್ನು ದಾಟುತ್ತದೆ.

ಮೊದಲು ಪ್ಲಗ್ ಬುಡದ ಧೂಳನ್ನು ಗಾಳಿ ಹೊಡೆದು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟೆವು. ಮರುದಿನ ಗಾಡಿಯನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಬಿಸಿಯಿರುವಾಗಲೇ ಕೈ ಹಾಕಿದೆವು. ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಬಿಸಿ ಹೆಡ್‌ನಲ್ಲಿ ಹಿಡಿತ ಸಡಿಲ ಇರುತ್ತದೆ.

ಒಂದು, ಮೂರು, ನಾಲ್ಕು ತಕರಾರಿಲ್ಲದೆ ಬಂದವು. ಎರಡನೆಯದು 30ಕ್ಕೂ ಅಲ್ಲಾಡಲಿಲ್ಲ. ಕ್ಲಿಕ್ ಎಂದಿತು, ನಿಲ್ಲಿಸಿದೆವು. ಮತ್ತೆ ಎಣ್ಣೆ ಹಾಕಿ, ಮತ್ತೆ ಕಾಯಬೇಕಾಯಿತು. ಹಿಡಿದುಕೊಂಡ ಪ್ಲಗ್ ಕೆಲಸ ಮಾಡುತ್ತಿದ್ದರೆ ಅದಕ್ಕೇ ಕೆಲವು ನಿಮಿಷ ಕರೆಂಟ್ ಕೊಟ್ಟು ಸುತ್ತಲಿನ ಕಾರ್ಬನ್ ಸುಡಿಸುವ ದಾರಿಯೂ ಇದೆ. ಇದು ಸತ್ತ ಪ್ಲಗ್, ಆ ದಾರಿ ಮುಚ್ಚಿತ್ತು. ಮುಂದಿನ ಸರದಿಯಲ್ಲಿ ಬಿಚ್ಚುವ ಬದಲು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚುವ ಕಡೆಗೆ ಒತ್ತಿದಾಗ ‘ಕಿರ್ರ್’ ಎಂಬ ಸಣ್ಣ ಸದ್ದು ಬಂತು. ಆ ಸದ್ದು ಬಂದಾಗ ಖುಷಿಯಲ್ಲಿ ಸೀದಾ ತಿರುಗಿಸಿಬಿಡಬಾರದು. ಕಾಲು ಸುತ್ತು ಹೊರಗೆ, ಅಷ್ಟೇ ಒಳಗೆ, ನಡುವೆ ಎರಡು ಹನಿ ಎಣ್ಣೆ. ಸದ್ದು ಹೋಗಿ ತಿರುಗುವುದು ನಯವಾದ ಮೇಲೆಯೇ ಪೂರ್ತಿ ತೆಗೆದೆವು.

ನಾಲ್ಕನ್ನೂ ಸಿಲಿಂಡರ್ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಟ್ಟೆವು. ಡಬ್ಬಿಗೆ ಒಟ್ಟಿಗೆ ಹಾಕಿದರೆ ಯಾವ ಪ್ಲಗ್ ಎಲ್ಲಿಯದು ಎಂಬ ಮಾಹಿತಿಯೇ ಕಳೆದುಹೋಗುತ್ತದೆ. ಎರಡು ಮತ್ತು ನಾಲ್ಕರ ತುದಿ ದುಂಡಗೆ, ಬೂದು ಬಣ್ಣಕ್ಕೆ, ಆರೋಗ್ಯವಾಗಿತ್ತು. ಕಾದೂ ಕಾದೂ ಸುರುಳಿ ಸವೆದು ತುಂಡಾಗಿದೆ, ವಯಸ್ಸಿನ ಸಾವು. ಒಂದನೆಯದು ಅವುಗಳಂತೆಯೇ, ಇನ್ನೂ ಬದುಕಿತ್ತು. ಮೂರನೆಯದರ ತುದಿ ಬೇರೆಯೇ ಥರ. ಒಂದು ಬದಿ ಕರಗಿ ತಗ್ಗು ಬಿದ್ದಿತ್ತು, ತಗ್ಗಿನ ಅಂಚಿನಿಂದ ಸಣ್ಣ ಬಿರುಕು ಮೇಲಕ್ಕೆ ಹೋಗಿತ್ತು. ಉಗುರಿನಿಂದ ಸವರಿದರೆ ಸಿಗುತ್ತಿತ್ತು. ಇನ್ನೊಂದು ಬದಿ ಮುಟ್ಟಿದರೆ ಹೊಸದರಂತಿತ್ತು.

ಮೂರನೆಯದನ್ನು ಕೊಂದದ್ದು ಯಾರು

ಪ್ಲಗ್ ತುದಿ ಕರಗುವುದಕ್ಕೆ ಕಾರಣಗಳು ಹಲವು. ರಿಲೇ ಅಂಟಿಕೊಂಡು ಕರೆಂಟ್ ನಿಲ್ಲದೇ ಹೋದರೆ, ಕಡಿಮೆ ವೋಲ್ಟ್‌ನ ತಪ್ಪು ಪ್ಲಗ್ ಹಾಕಿದ್ದರೆ, ಇಂಜೆಕ್ಷನ್ ಟೈಮಿಂಗ್ ತೀರಾ ಮುಂದೆ ಹೋಗಿದ್ದರೆ. ಆದರೆ ಇವುಗಳಲ್ಲಿ ರಿಲೇ ಆಗಿದ್ದರೆ ನಾಲ್ಕೂ ಹಾಳಾಗಬೇಕಿತ್ತು, ಟೈಮಿಂಗ್ ಆದರೂ ಅಷ್ಟೇ. ಪ್ಲಗ್ ಮೈಮೇಲೆ ಮುದ್ರಿಸಿದ ವೋಲ್ಟ್ ಗುರುತು ನಾಲ್ಕಕ್ಕೂ ಒಂದೇ ಇತ್ತು, ಹಾಗಾಗಿ ತಪ್ಪು ಪ್ಲಗ್ ಎನ್ನುವಂತೆಯೂ ಇಲ್ಲ. ಒಂದೇ ಸಿಲಿಂಡರ್, ಅದರಲ್ಲೂ ಒಂದೇ ಬದಿ ಎಂದಾಗ ಅನುಮಾನ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್ ಮೇಲೆ ಹೋಗಲೇಬೇಕು. ಅದರ ಮೂತಿಯಾದ ನಾಝಲ್ ಮಂಜಿನಂತೆ ಚಿಮ್ಮುವ ಬದಲು ಹನಿ ಬಿಟ್ಟರೆ, ಅಥವಾ ಒಂದು ರಂಧ್ರದ ಧಾರೆ ದಾರಿ ತಪ್ಪಿದರೆ, ಉರಿ ಪ್ಲಗ್‌ನ ಒಂದು ಬದಿಗೇ ಅಂಟಿಕೊಂಡು ಉರಿಯುತ್ತದೆ.

ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಬರೆದುಕೊಂಡಿದ್ದ ಸ್ಕ್ಯಾನರ್ ಅಂಕಿಗಳಿಗೆ ವಾಪಸ್ ಹೋದೆವು. ಪ್ರತಿ ಸಿಲಿಂಡರಿಗೆ ಕಂಪ್ಯೂಟರ್ ಡೀಸೆಲ್ ಎಷ್ಟು ಹೆಚ್ಚು ಕಡಿಮೆ ಮಾಡಿ ಎಂಜಿನ್ ಸಮ ಮಾಡುತ್ತಿದೆ ಎಂಬ ತಿದ್ದುಪಡಿ ಅಂಕಿ ಅಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಮಾತ್ರ ಕಂಪ್ಯೂಟರ್ ಎದ್ದು ಕಾಣುವಷ್ಟು ಡೀಸೆಲ್ ಕಡಿಮೆ ಮಾಡುತ್ತಿತ್ತು. ತಾನಾಗಿ ಹನಿಯುತ್ತಿರುವ ಇಂಜೆಕ್ಟರಿಗೆ ಅದು ಸಹಜ. ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿಸಿದಾಗ ಖಚಿತವಾಯಿತು. ಮುಚ್ಚಿದ ಮೇಲೂ ಮೂತಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತಿತ್ತು.

ಇದನ್ನು ನೋಡದೆ ಹೊಸ ಪ್ಲಗ್ ಹಾಕಿದ್ದರೆ ಗಾಡಿ ಆ ಚಳಿಗಾಲ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು, ದೂರು ಮುಗಿಯಿತು ಎಂದುಕೊಳ್ಳುತ್ತಿದ್ದೆವು. ಹೊಸ ಪ್ಲಗ್‌ನ ತುದಿಯೂ ಅದೇ ಹನಿಯ ಕೆಳಗೆ ಕೂರುತ್ತಿತ್ತು. ತುದಿ ಕಡಿದು ಬಿದ್ದರೆ ಲೋಹದ ಚೂರು ಸಿಲಿಂಡರ್ ಒಳಗೇ ತಾನೇ? ಹನಿಯುವ ಇಂಜೆಕ್ಟರ್ ಪಿಸ್ಟನ್ ತಲೆಯನ್ನೂ ತೂತು ಮಾಡಬಲ್ಲದು.

ಪ್ಲಗ್ ರಂಧ್ರ ಖಾಲಿಯಿರುವಾಗಲೇ ಕಂಪ್ರೆಷನ್ ಕೂಡ ನೋಡಿದೆವು, ಇಂಥ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ನಾಲ್ಕೂ 26ರಿಂದ 27 ಬಾರ್ ಒಳಗೆ ಇದ್ದವು. ರಿಂಗ್, ವಾಲ್ವ್ ಬಗ್ಗೆ ಚಿಂತೆಯಿಲ್ಲ, ಹನಿ ಇನ್ನೂ ಪಿಸ್ಟನ್‌ಗೆ ಪೆಟ್ಟು ಕೊಟ್ಟಿಲ್ಲ.

ಜೋಡಿಸುವುದು

ರಂಧ್ರಗಳಲ್ಲಿ ಕಾರ್ಬನ್ ಕಟ್ಟಿತ್ತು, ಎರಡನೆಯದರಲ್ಲಿ ಅತಿ ಜಾಸ್ತಿ. ಅದರ ಮೇಲೇ ಹೊಸ ಪ್ಲಗ್ ತುರುಕಿದರೆ ಕೊಳವೆ ವಾರೆಯಾಗಿ ಕೂರುತ್ತದೆ, ಸೀಟ್‌ನಲ್ಲಿ ಗ್ಯಾಸ್ ಸೋರುತ್ತದೆ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಅದೇ ಅಳತೆಯ, ರಂಧ್ರದ ಒಳಗೋಡೆ ಕೆರೆಯುವ ರೀಮರ್‌ನ ಹಲ್ಲುಗಳಿಗೆ ಗ್ರೀಸ್ ಮೆತ್ತಿ ಕೈಯಿಂದಲೇ ನಿಧಾನ ತಿರುಗಿಸಬೇಕು. ಕೆರೆದ ಕಾರ್ಬನ್ ಗ್ರೀಸಿಗೆ ಅಂಟಿಕೊಂಡು ಮೇಲೆ ಬರುತ್ತದೆ. ತೆಗೆದು ಒರೆಸಿ, ಮತ್ತೆ ಗ್ರೀಸ್ ಹಚ್ಚಿ, ಗ್ರೀಸ್ ಕಪ್ಪಾಗದೆ ಬರುವವರೆಗೆ ಇದೇ ಕೆಲಸ. ಆಮೇಲೆ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಿತ್ತು, ರಂಧ್ರಗಳ ಮೇಲೆ ಬಟ್ಟೆ ಹಾಕಿ ಸೆಲ್ಫ್ ಒಂದೆರಡು ಕ್ಷಣ ಹೊಡೆದರೆ ಒಳಗೆ ಉದುರಿದ ಪುಡಿಯೂ ಹೊರಗೆ ಹಾರುತ್ತದೆ. ಮುಖ ದೂರ ಇರಲಿ.

ಹೊಸ ಪ್ಲಗ್‌ಗಳನ್ನು ಎಂಜಿನ್ ನಂಬರ್ ಕೊಟ್ಟು ತರಿಸಿದೆವು. ಉದ್ದ, ಥ್ರೆಡ್ ಎಲ್ಲ ಒಂದೇ ಇದ್ದು ವೋಲ್ಟೇಜ್ ಮಾತ್ರ ಬೇರೆ ಇರುವ ಪ್ಲಗ್‌ಗಳಿವೆ, ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ಲಗ್ ಮೈಮೇಲೆ 11 ವೋಲ್ಟ್ ಎಂಬ ಮುದ್ರೆ ನೋಡಿಯೇ ಹಾಕಿದ್ದು. “ಒಂದನೇದು ಚೆನ್ನಾಗೇ ಇದೆಯಲ್ಲ ಸಾರ್, ಅದನ್ಯಾಕೆ ತೆಗೀತೀರಿ?” ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಾಲ್ಕೂ ಒಂದೇ ವಯಸ್ಸಿನವು, ಎರಡು ಆಗಲೇ ಮುದಿಯಾಗಿ ಸತ್ತಿವೆ. ಉಳಿದದ್ದು ಮುಂದಿನ ಚಳಿ ನೋಡುವುದು ಅನುಮಾನ. ಈ ಎಂಜಿನ್‌ನಲ್ಲಿ ಪ್ಲಗ್ ತಲುಪಲು ಇನ್‌ಟೇಕ್ ಪೈಪುಗಳನ್ನೆಲ್ಲ ಕಳಚಬೇಕು, ಅದನ್ನು ಇನ್ನೊಮ್ಮೆ ಮಾಡಿಸುವುದು ಪ್ಲಗ್‌ಗಿಂತ ದುಬಾರಿ. ಒಪ್ಪಿದರು. ಪ್ಲಗ್ ಸೆರಾಮಿಕ್ ಆಗಿದ್ದರೆ ಇನ್ನೊಂದು ನಿಯಮವೂ ಇರುತ್ತಿತ್ತು. ಸಿಲಿಕಾನ್ ನೈಟ್ರೈಡ್ ತುದಿಯ ಆ ಪ್ಲಗ್‌ಗಳು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಹಾಕುವಂತಿಲ್ಲ, ಕಣ್ಣಿಗೆ ಕಾಣದ ಬಿರುಕಿನಿಂದ ತುದಿ ಎಂಜಿನ್ ಒಳಗೆ ತುಂಡಾಗುತ್ತದೆ.

ಪ್ಲಗ್ ಪೂರ್ತಿ ಕೂರುವವರೆಗೆ ಬೆರಳಲ್ಲೇ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 15 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆವು. 8 ಮಿಲಿಮೀಟರ್ ಥ್ರೆಡ್ ಆದರೆ 10 ಸಾಕು. ‘ಸೋರದಿರಲಿ’ ಎಂದು ಜಾಸ್ತಿ ಬಿಗಿ ಮಾಡಿದರೆ ಪ್ಲಗ್‌ನ ಮೈ ಸುರುಟಿ ಕೊಳವೆಯ ಸುತ್ತ ಇರಬೇಕಾದ ಸಣ್ಣ ಅಂತರ ಮುಚ್ಚಿಹೋಗುತ್ತದೆ. ಆಗ ತುದಿಯ ಬಿಸಿ ಹೆಡ್‌ಗೆ ಹರಿದುಹೋಗುತ್ತದೆ, ಹಿಡಿತದ ಸುರುಳಿ ಬೇಗ ಕಾಯದೆ ಕಾಯುವ ಸುರುಳಿಗೆ ಜಾಸ್ತಿ ಕರೆಂಟ್ ಹೋಗಿ ಸುಟ್ಟುಕೊಳ್ಳುತ್ತದೆ. ಹೊಸ ಪ್ಲಗ್ ಒಂದೇ ಚಳಿಗಾಲಕ್ಕೆ ಹೋಯಿತು, ಡೂಪ್ಲಿಕೇಟ್ ಮಾಲು ಎಂದು ಬೈಯುವ ಕೆಲವು ಕಡೆ ತಪ್ಪು ರೆಂಚಿನದೇ ಇರುತ್ತದೆ. ಪಟ್ಟಿಯ ಕೂಡುವ ಜಾಗಗಳನ್ನು ಹಸಿರು ಕಿಲುಬು ಹೋಗುವ ಹಾಗೆ ಉಜ್ಜಿ, ಸಣ್ಣ ನಟ್‌ಗಳನ್ನು 2 ನ್ಯೂಟನ್ ಮೀಟರ್‌ಗೆ ಕೂರಿಸಿದೆವು. ರಿಪೇರಿಯಾದ ಇಂಜೆಕ್ಟರ್ ಹೊಸ ತಾಮ್ರದ ವಾಷರ್ ಜೊತೆ ಹೋಯಿತು, ಅದರ ಮೈಮೇಲಿನ ಹೊಸ ಕೋಡನ್ನು ಸ್ಕ್ಯಾನರ್‌ನಿಂದ ಕಂಪ್ಯೂಟರಿಗೆ ತುಂಬಿದೆವು.

ಫಲಿತಾಂಶ

ರಾತ್ರಿ ನಿಂತ ಗಾಡಿಗೆ ಬೆಳಿಗ್ಗೆ ಮತ್ತೆ ಕ್ಲ್ಯಾಂಪ್ ತೊಡಿಸಿದೆವು. 72 ಆಂಪಿಯರ್‌ನಲ್ಲಿ ಶುರುವಾಗಿ ಎಲ್ಲೂ ಎಗರದೆ 42ಕ್ಕೆ ಬಂದು ನಿಂತಿತು. ದೀಪ ಆರಿದ ಮೇಲೆ ಸೆಲ್ಫ್ ಮುಟ್ಟಿದ ಕೂಡಲೇ ಎಂಜಿನ್ ಎದ್ದಿತು. ಮೊದಲ ಕ್ಷಣದಲ್ಲಿ ತೆಳು ಹೊಗೆ ಒಂದಿಷ್ಟು ಬಂದು ಹೋಯಿತು, ನಡುಕ ಇಲ್ಲ.

ಅಲ್ಲಿಗೇ ಕ್ಲ್ಯಾಂಪ್ ತೆಗೆಯಲಿಲ್ಲ. ಸ್ಟಾರ್ಟ್ ಆದ ಮೇಲೆ ಕರೆಂಟ್ ಕೆಲವು ಹೊತ್ತು ಹರಿಯಬೇಕು, ಹೊಗೆ ಮತ್ತು ಕಟಕಟ ಸದ್ದು ಕಡಿಮೆಯಾಗಲು ಅದು ಬೇಕು. ಆಮೇಲೆ ಸೊನ್ನೆಗೆ ಬರಲೇಬೇಕು. ಎಂಜಿನ್ ಬಿಸಿಯಾಗುತ್ತಿದ್ದ ಹಾಗೆ ರಿಲೇ ಟಕ್ ಎಂದಿತು, ಅಂಕಿ ಸೊನ್ನೆಯಾಯಿತು. ಹಾಗಾಗಿ ಹಳೆಯ ರಿಲೇಯನ್ನೇ ಉಳಿಸಿಕೊಂಡೆವು. ಬ್ಯಾಟರಿಗೂ ಪಟ್ಟಿಗೂ ನಡುವೆ ವೋಲ್ಟೇಜ್ ನಷ್ಟ ನಾಲ್ಕೂ ಪ್ಲಗ್ ಎಳೆಯುವಾಗ 0.4 ವೋಲ್ಟ್ ಇತ್ತು, ಬದಲಾಯಿಸುವ ಅಗತ್ಯ ಕಾಣಲಿಲ್ಲ.

ಮೂರನೇ ಸಿಲಿಂಡರಿನ ತಿದ್ದುಪಡಿ ಅಂಕಿ ಉಳಿದವುಗಳ ಸಾಲಿಗೆ ಬಂದಿತ್ತು. ಜಾಬ್ ಕಾರ್ಡ್‌ನಲ್ಲಿ 72 ಮತ್ತು 42 ಎಂಬ ಎರಡು ಅಂಕಿಗಳನ್ನೂ, ಅವತ್ತಿನ ಕೂಲೆಂಟ್ ತಾಪಮಾನವನ್ನೂ ಬರೆದಿಟ್ಟೆವು. ಮುಂದಿನ ಚಳಿಗೆ ಮುಂಚೆ ಸರ್ವಿಸಿಗೆ ಬಂದಾಗ ಪೈಪುಗಳನ್ನು ಕಳಚದೆ, ರಿಲೇ ವೈರಿಗೆ ಕ್ಲ್ಯಾಂಪ್ ತೊಡಿಸಿ ಒಂದು ನಿಮಿಷ ನೋಡಿದರೆ ಸಾಕು. ಶುರುವಿನ ಅಂಕಿ 54ಕ್ಕೆ ಇಳಿದಿದ್ದರೆ ಒಂದು ಪ್ಲಗ್ ಹೋಗಿದೆ ಎಂದು ಅರ್ಥ.